ರೈನೋ ಕಿಟ್: ಅಂಟಿನ ಬಾಟಲಿ ತೆರೆಯುವ ಮೊದಲು

ಪ್ರಶ್ನೆ: ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇವೆ. ಹದಿಮೂರು ವರ್ಷದ ಮಗಳ ಆಸೆಗೆ ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಸಣ್ಣ ಮಾದರಿಗಳಿಂದ ಆಡುವ ಯುದ್ಧದ ಆಟದ ‘ರೈನೋ’ ಎಂಬ ಕವಚವಾಹನದ ಪ್ಲಾಸ್ಟಿಕ್ ಕಿಟ್ ಕೊಂಡಿದ್ದೇವೆ. ಕೈಪಿಡಿಯಲ್ಲಿ ಬರೀ ಚಿತ್ರ ಮತ್ತು ಅಂಕಿಗಳಿವೆ. ಹಿಂದೊಮ್ಮೆ ಇಬ್ಬರೂ ಸೇರಿ ವಿಮಾನದ ಮಾದರಿಯೊಂದನ್ನು ಜೋಡಿಸಿದಾಗ ರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಅಚ್ಚೊತ್ತಿ ಕೂತಿತು, ಜೋಡಣೆಯ ಗೆರೆ ಬಣ್ಣದ ಮೇಲೂ ಎದ್ದು ಕಂಡಿತು, ಸ್ಪ್ರೇ ಮಾಡಿದ ಮೇಲ್ಮೈ ರವೆ ಚೆಲ್ಲಿದಂತೆ ತರಿತರಿಯಾಯಿತು. ಈ ಸಲ ಊರಿನಿಂದ ತಂದ ಫೆವಿಕ್ವಿಕ್ ಬಳಸಿದರೆ ಸಾಲದೇ? ಬಿಡಿಭಾಗಗಳನ್ನು ತೊಳೆಯಬೇಕೇ? ವಾಹನದ ಒಳಭಾಗಕ್ಕೆ ಮೊದಲೇ ಬಣ್ಣ ಹಚ್ಚಬೇಕೇ? ಜುಲೈ ಕೊನೆಯಲ್ಲಿ ಮೈಸೂರಿಗೆ ಬರುತ್ತೇವೆ. ಅಷ್ಟರಲ್ಲಿ ಮುಗಿಯದಿದ್ದರೆ ಅಲ್ಲಿಗೆ ತಂದು ಮುಗಿಸಬಹುದೇ?

ಉತ್ತರ: ಫೆವಿಕ್ವಿಕ್‌ನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೆಬ್ಬೆಟ್ಟಿನ ಗುರುತಿನಿಂದ ಹಿಡಿದು ಒಳಭಾಗದ ಬಣ್ಣದವರೆಗೆ ಉಳಿದ ಬಹುಪಾಲು ಉತ್ತರಗಳು ಅದರ ಬೆನ್ನಿಗೇ ಬರುತ್ತವೆ. ನಿಮ್ಮ ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಗಣೇಶನ ಹಬ್ಬದ ಮಂಟಪಕ್ಕೆ ನಾವೆಲ್ಲ ಕತ್ತರಿಸುತ್ತಿದ್ದ ಥರ್ಮಾಕೋಲ್ ಕೂಡ ಇದೇ ವಸ್ತು. ಅದನ್ನು ಉಬ್ಬಿಸಿ ಹಗುರ ಮಾಡಿರುತ್ತಾರೆ, ಇದನ್ನು ಗಟ್ಟಿಯಾಗಿ ಅಚ್ಚು ಹೊಯ್ದಿರುತ್ತಾರೆ. ಥರ್ಮಾಕೋಲ್ ಮಂಟಪಕ್ಕೆ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದವರಿಗೆ ಅದು ಕಣ್ಣೆದುರೇ ಕರಗಿ ಗುಳಿಬಿದ್ದದ್ದು ನೆನಪಿರುತ್ತದೆ. ಬಣ್ಣದಲ್ಲಿದ್ದ ದ್ರಾವಕ ಪಾಲಿಸ್ಟೈರೀನನ್ನು ತಿಂದುಹಾಕಿತ್ತು. ಮಂಟಪವನ್ನು ಹಾಳುಮಾಡಿದ ಆ ಗುಣವೇ ಮಾದರಿ ಕಟ್ಟುವವರ ಬಂಡವಾಳ. ಪ್ಲಾಸ್ಟಿಕ್ ಮಾದರಿಗಳಿಗೆಂದು ಅಂಟಿನ ಹೆಸರಿನಲ್ಲಿ ಮಾರುವುದು ಬ್ಯುಟೈಲ್ ಅಸಿಟೇಟ್, ಅಸಿಟೋನ್ ಮೊದಲಾದ ದ್ರಾವಕಗಳನ್ನು. ಅವು ಕೂಡಬೇಕಾದ ಎರಡೂ ಅಂಚುಗಳನ್ನು ಕೊಂಚ ಕರಗಿಸುತ್ತವೆ, ಕರಗಿದ ಪ್ಲಾಸ್ಟಿಕ್ ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಆರಿಹೋದ ಮೇಲೆ ಅಲ್ಲಿ ಅಂಟು ಎಂಬುದೇ ಉಳಿದಿರುವುದಿಲ್ಲ. ಇದು ಲೋಹದ ಬೆಸುಗೆಗೆ ಸಮನಾದ ಕೆಲಸ. ಚೆನ್ನಾಗಿ ಕೂಡಿದ ಕೀಲನ್ನು ಎಳೆದರೆ ಕೀಲಿನ ಪಕ್ಕದ ಪ್ಲಾಸ್ಟಿಕ್ ಮುರಿಯುವುದೂ ಉಂಟು.

ಫೆವಿಕ್ವಿಕ್ ಸಯನೋಆಕ್ರಿಲೇಟ್ ಜಾತಿಯದು. ಅದು ಎರಡು ಮೇಲ್ಮೈಗಳ ನಡುವೆ ಗಾಜಿನಂತಹ ತೆಳುಪೊರೆಯಾಗಿ ಗಟ್ಟಿಯಾಗುತ್ತದೆ. ಎಳೆತಕ್ಕೆ ಬಲವಾಗಿ ನಿಲ್ಲುವ ಈ ಪೊರೆ ಪಕ್ಕದಿಂದ ಪೆಟ್ಟು ಬಿದ್ದಾಗ ಚಟ್ಟನೆ ಬಿಟ್ಟುಕೊಳ್ಳುತ್ತದೆ. ಆಟದ ಮೇಜಿನ ಮೇಲೆ ದಿನವೂ ಎತ್ತಿ ಇಡುವ ವಾಹನಕ್ಕೆ ಇದು ಒಗ್ಗುವುದಿಲ್ಲ. ಜೊತೆಗೆ ಅದರ ಆವಿ ಸುತ್ತಲಿನ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ, ಮತ್ತು ಕ್ಷಣದಲ್ಲಿ ಹಿಡಿದುಬಿಡುವುದರಿಂದ ಸೊಟ್ಟಗೆ ಕೂತ ಗೋಡೆಯನ್ನು ನೆಟ್ಟಗೆ ಮಾಡಲು ಅವಕಾಶವನ್ನೇ ಕೊಡುವುದಿಲ್ಲ. ಹಾಗೆಂದು ಅದನ್ನು ಎಸೆಯಬೇಡಿ. ಲೋಹ, ರಾಳ (ರೆಸಿನ್), ಅಯಸ್ಕಾಂತ ಇವುಗಳ ಮೇಲೆ ದ್ರಾವಕದ ಆಟ ನಡೆಯುವುದಿಲ್ಲ. ಅಲ್ಲಿ ಫೆವಿಕ್ವಿಕ್ಕೇ ಬೇಕು.

ಕೊಳ್ಳಬೇಕಾದದ್ದು ಎರಡು ಬಗೆಯ ಅಂಟು. ಒಂದು ನೀರಿನಷ್ಟು ತೆಳ್ಳಗಿರುವುದು. ತಮಿಯಾ ಕಂಪನಿಯ ‘ಎಕ್ಸ್‌ಟ್ರಾ ಥಿನ್’ ಹಸಿರು ಮುಚ್ಚಳದ 40 ಮಿ.ಲೀ. ಬಾಟಲಿಯಲ್ಲಿ ಬರುತ್ತದೆ, ಮುಚ್ಚಳದಲ್ಲೇ ಸಣ್ಣ ಕುಂಚವಿದೆ. ಇನ್ನೊಂದು ಸ್ವಲ್ಪ ಮಂದವಾದದ್ದು, ಸೂಜಿಯಂತಹ ನಳಿಕೆಯಿಂದ ಹನಿಹನಿಯಾಗಿ ಬರುವಂಥದ್ದು. ಈ ಕಿಟ್ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಸಿಟಡೆಲ್ ಹೆಸರಿನಲ್ಲಿ ಮಾರುವ ಪ್ಲಾಸ್ಟಿಕ್ ಅಂಟು ಈ ಬಗೆಯದು. ಮಂದವಾದದ್ದನ್ನು ಗೂಟ ಮತ್ತು ತೂತು ಇರುವ ಸಣ್ಣ ಭಾಗಗಳಿಗೆ ಮೊದಲು ಹಚ್ಚಿ ಆಮೇಲೆ ಕೂಡಿಸಬೇಕು. ತೆಳುವಾದದ್ದರ ರೀತಿ ಇದಕ್ಕೆ ತಿರುಗಾಮುರುಗ: ಭಾಗಗಳನ್ನು ಒಣಗಿದ್ದಂತೆಯೇ ಜೋಡಿಸಿ ಹಿಡಿದು, ಸಂದಿಗೆ ಕುಂಚದ ತುದಿಯನ್ನು ಮುಟ್ಟಿಸಬೇಕು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಸಂದಿಯೇ ಅಂಟನ್ನು ಎಳೆದುಕೊಂಡು ಉದ್ದಕ್ಕೂ ಹರಿಸುತ್ತದೆ. ನಿಮ್ಮ ಹೆಬ್ಬೆಟ್ಟಿನ ಗುರುತಿನ ಮೂಲವೂ ಇಲ್ಲೇ ಇರಬೇಕು. ರೆಕ್ಕೆಯನ್ನು ಸಂದಿಯ ಮೇಲೇ ಬೆರಳಿಟ್ಟು ಹಿಡಿದಿದ್ದೀರಿ. ಹರಿದುಬಂದ ಅಂಟಿಗೆ ಪ್ಲಾಸ್ಟಿಕ್ ಮತ್ತು ಬೆರಳಿನ ನಡುವಿನ ಜಾಗವೂ ಒಂದು ಸಂದಿಯೇ ಆದ್ದರಿಂದ ಅಲ್ಲಿಗೂ ನುಗ್ಗಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿದೆ, ಮೆತ್ತಗಾದ ಪ್ಲಾಸ್ಟಿಕ್ ಬೆರಳಿನ ರೇಖೆಗಳನ್ನು ನಿಷ್ಠೆಯಿಂದ ನಕಲು ಮಾಡಿಕೊಂಡಿದೆ. ಸಂದಿಯಿಂದ ಒಂದು ಬೆರಳಿನಷ್ಟು ದೂರ ಹಿಡಿಯುವುದು, ಸಾಧ್ಯವಾದ ಕಡೆ ಒಳಗಿನಿಂದ ಅಂಟು ಹಚ್ಚುವುದು ಇದಕ್ಕೆ ಪರಿಹಾರ. ಒಮ್ಮೆ ಗುರುತು ಬಿದ್ದರೆ ಆಗಲೇ ಒರೆಸಬಾರದು. ಒಂದು ದಿನ ಆರಲು ಬಿಟ್ಟು ವಾಟರ್ ಪೇಪರಿನಿಂದ, ಅಂದರೆ ಒದ್ದೆಮಾಡಿ ಬಳಸುವ ಉಪ್ಪುಕಾಗದದಿಂದ, ಉಜ್ಜಿದರೆ ಹೋಗುತ್ತದೆ.

ಬೆಸುಗೆ ಬಿಡಿಸಲಾಗದ ಕೆಲಸವಾದ್ದರಿಂದ, ಹಚ್ಚುವ ಮೊದಲು ಯೋಚಿಸಬೇಕಾದದ್ದು ಹೆಚ್ಚು. ಅದಕ್ಕೆ ಕಿಟ್ಟಿನ ಸ್ವಭಾವ ತಿಳಿದಿರಬೇಕು. ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕಂಪನಿ, ಈಗ ಅದರ ಕೇಂದ್ರ ನಿಮ್ಮ ನಾಟಿಂಗ್‌ಹ್ಯಾಮ್‌ನಲ್ಲೇ ಇದೆ. ವಾರ್‌ಹ್ಯಾಮರ್ 40,000 ಆಟ 1987ರಲ್ಲಿ ಬಂತು. ಮರುವರ್ಷವೇ ರೈನೋದ ಮೊದಲ ಪ್ಲಾಸ್ಟಿಕ್ ಕಿಟ್ ಬಂತು. ಇಂದು ಅಂಗಡಿಯಲ್ಲಿ ಸಿಗುವ ರೂಪ 2000ದ ದಶಕದ ಆರಂಭದ್ದು. ಕಥೆಯ ಪ್ರಕಾರ ಇದು ಹತ್ತು ಸ್ಪೇಸ್ ಮರೀನ್ ಯೋಧರನ್ನು ಹೊತ್ತೊಯ್ಯುವ ವಾಹನ. ಇದೇ ಒಡಲಿನ ಮೇಲೆ ಪ್ರೆಡೇಟರ್, ರೇಜರ್‌ಬ್ಯಾಕ್, ವರ್ಲ್‌ವಿಂಡ್, ವಿಂಡಿಕೇಟರ್ ಎಂಬ ಇತರ ವಾಹನಗಳೂ ಕಟ್ಟಲ್ಪಡುತ್ತವೆ. ಅಮೆರಿಕದ ಸೈನ್ಯದ ಎಂ113 ವಾಹನವನ್ನು ಕಂಡವರಿಗೆ ಈ ಪೆಟ್ಟಿಗೆಯಾಕಾರ ಪರಿಚಿತವೆನಿಸಬಹುದು. ಹಳೆಯ ವಿನ್ಯಾಸವೆಂಬ ಸಂಗತಿ ನಿಮಗೆ ಮುಖ್ಯ, ಏಕೆಂದರೆ ಈಚಿನ ವರ್ಷಗಳ ಕಿಟ್ಟುಗಳಲ್ಲಿ ಸಂದಿಗಳನ್ನು ಕವಚದ ಅಂಚಿನ ಹಿಂದೆ ಅಡಗಿಸುವ ಜಾಣ್ಮೆ ಇರುತ್ತದೆ. ರೈನೋದಲ್ಲಿ ಚಪ್ಪಟೆ ಹಲಗೆಗಳು ಚಪ್ಪಟೆ ಹಲಗೆಗಳನ್ನು ಮೂಲೆಯಲ್ಲಿ ಸಂಧಿಸುತ್ತವೆ, ಮೂಲೆ ಒಂದಿಷ್ಟು ಓರೆಯಾದರೂ ಅದರ ಫಲ ಛಾವಣಿಯವರೆಗೂ ಹೋಗಿ ಮುಟ್ಟುತ್ತದೆ.

ತೊಳೆಯುವುದರ ವಿಷಯ ಸುಲಭ. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಚ್ಚುವ ಜಿಡ್ಡು ರಾಳದ ಮಾದರಿಗಳ ಮೇಲೆ ಹೆಚ್ಚಿರುತ್ತದೆ, ಅವನ್ನು ತೊಳೆಯದೆ ಬಣ್ಣ ನಿಲ್ಲುವುದಿಲ್ಲ. ಉಕ್ಕಿನ ಅಚ್ಚಿನಲ್ಲಿ ಒತ್ತಡದಿಂದ ಹೊಯ್ದ ಪಾಲಿಸ್ಟೈರೀನಿನ ಮೇಲೆ ಅದು ತೀರ ಕಡಿಮೆ, ಹಲವರು ತೊಳೆಯುವುದೇ ಇಲ್ಲ. ನಾನು ತೊಳೆಯುತ್ತೇನೆ, ಆದರೆ ಆರಂಭದಲ್ಲಲ್ಲ. ಕತ್ತರಿಸಿ, ಉಜ್ಜಿ, ಜೋಡಿಸಿ ಮುಗಿದ ಮೇಲೆ, ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಪದರ, ಹೊಡೆಯುವ ಹಿಂದಿನ ದಿನ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರು ಮತ್ತು ಹಳೆಯ ಟೂತ್‌ಬ್ರಷ್‌ನಿಂದ. ಅಚ್ಚಿನ ಜಿಡ್ಡಿಗಿಂತ ನಮ್ಮ ಕೈಯ ಜಿಡ್ಡು ಮತ್ತು ಉಜ್ಜಿದ ಪುಡಿಯೇ ಆಗ ದೊಡ್ಡ ತೊಂದರೆ.

ಚೌಕಟ್ಟಿನಿಂದ, ಅಂದರೆ ಸ್ಪ್ರೂವಿನಿಂದ, ಭಾಗಗಳನ್ನು ಬಿಡಿಸಲು ಒಂದು ಕಡೆ ಚಪ್ಪಟೆಯಾದ ಬಾಯಿಯ ನಿಪ್ಪರ್ (ಕತ್ತರಿಸುವ ಸಣ್ಣ ಇಕ್ಕಳ) ಇರಲಿ. ತಿರುಚಿ ಕಿತ್ತರೆ ಭಾಗದಲ್ಲೇ ಗುಳಿ ಬೀಳುತ್ತದೆ. ಮೊದಲ ಕತ್ತರಿಕೆ ಭಾಗದಿಂದ ಎರಡು ಮೂರು ಮಿಲಿಮೀಟರ್ ದೂರದಲ್ಲಿರಬೇಕು, ಎರಡನೆಯದು ಕೂದಲೆಳೆಯಷ್ಟು ಗುಬುಟು ಉಳಿಯುವಂತೆ, ಉಳಿದದ್ದನ್ನು ಚೂಪು ಬ್ಲೇಡಿನಿಂದ ಹೆರೆದು ತೆಗೆಯಬೇಕು. ಎಲ್ಲವನ್ನೂ ಒಂದೇ ಸಂಜೆ ಬಿಡಿಸಿ ತಟ್ಟೆಗೆ ಹಾಕಿಕೊಳ್ಳುವ ಆಸೆ ಮಕ್ಕಳಿಗೆ ಸಹಜ, ಆದರೆ ಅಂಕಿಗಳಿರುವುದು ಚೌಕಟ್ಟಿನ ಮೇಲೆ; ಬಿಡಿಸಿದ ಮೇಲೆ ಎಡಗಡೆಯ ಪಟ್ಟಿ ಯಾವುದು ಬಲಗಡೆಯದು ಯಾವುದು ಎಂದು ಹೇಳುವವರಿಲ್ಲ. ಆಯಾ ಹಂತಕ್ಕೆ ಬೇಕಾದಷ್ಟನ್ನೇ ಬಿಡಿಸಿ. ಕತ್ತರಿಸಿ ಉಳಿದ ಚೌಕಟ್ಟನ್ನು ಎಸೆಯಬೇಡಿ, ಅದರ ಉಪಯೋಗ ಮುಂದೆ ಬರುತ್ತದೆ.

ಅಚ್ಚಿನ ಎರಡು ಹೋಳುಗಳು ಕೂಡುವ ಜಾಗದಲ್ಲಿ ಪ್ರತಿ ಭಾಗದ ಸುತ್ತಲೂ ಒಂದು ಸಣ್ಣ ಏರುಗೆರೆ ಉಳಿದಿರುತ್ತದೆ. ಬೂದುಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಬಿದ್ದ ಮರುಕ್ಷಣ ಬೀಳುತ್ತದೆ. ಉಗುರಿನ ತುದಿ ಆಡಿಸಿದರೆ ಈಗಲೇ ತಿಳಿಯುತ್ತದೆ. ಚಾಕುವಿನ ಹರಿತವಾದ ಬಾಯಿಂದ ಕೊಯ್ಯದೆ ಅದರ ಬೆನ್ನಿನಿಂದ, ಕ್ಯಾರೆಟ್ಟಿನ ಸಿಪ್ಪೆ ಹೆರೆಯುವಂತೆ, ಹಗುರವಾಗಿ ನಾಲ್ಕಾರು ಬಾರಿ ಎಳೆದರೆ ಗೆರೆ ಹೋಗುತ್ತದೆ. ರೈನೋದಲ್ಲಿ ಇದು ಹೆಚ್ಚು ಕಾಡುವುದು ಹೊಗೆಕೊಳವೆಗಳಲ್ಲಿ, ಬಂದೂಕಿನ ನಳಿಗೆಯಲ್ಲಿ, ಮುಚ್ಚಳಗಳ ದುಂಡು ಅಂಚಿನಲ್ಲಿ. ಕವಚದ ಹಲಗೆಗಳ ಮೇಲಿನ ರಿವೆಟ್ಟುಗಳ ಬಳಿ ಮಾತ್ರ ಉಪ್ಪುಕಾಗದ ತರಬೇಡಿ. ಎರಡು ಸಲ ಉಜ್ಜಿದರೆ ರಿವೆಟ್ಟು ಮಾಯ, ಮತ್ತೆ ಅದನ್ನು ತರುವುದು ಅರ್ಧ ದಿನದ ಕೆಲಸ. ಒಳಗೋಡೆಗಳಲ್ಲಿ ದುಂಡಗಿನ ಸಣ್ಣ ಗುಳಿಗಳು ಕಂಡರೆ ಗಾಬರಿ ಬೇಡ. ಅಚ್ಚಿನಿಂದ ಭಾಗವನ್ನು ಹೊರದಬ್ಬುವ ಕಡ್ಡಿಗಳ ಗುರುತುಗಳವು, ಮುಂದೆ ಕಾಣುವ ಜಾಗದಲ್ಲಿದ್ದರೆ ಮಾತ್ರ ತುಂಬಿದರೆ ಸಾಕು.

ಈಗ ಒಳಭಾಗ. ರೈನೋಗೆ ಪಕ್ಕದ ಬಾಗಿಲುಗಳು, ಹಿಂದೆ ಕೆಳಗಿಳಿಯುವ ಬಾಗಿಲು, ಮೇಲೆ ತೆರೆಯುವ ಮುಚ್ಚಳಗಳು ಇವೆ, ಒಳಗೆ ನೋಡಲು ಒಂದಿಷ್ಟು ವಿವರವೂ ಇದೆ. ಎಲ್ಲವನ್ನೂ ತೆರೆಯುವಂತೆ ಇಡುತ್ತೇನೆಂದು ಹೊರಟವರ ವಾಹನದಲ್ಲಿ ಕೊನೆಗೆ ಯಾವುದೂ ಸರಿಯಾಗಿ ಮುಚ್ಚಿಕೊಳ್ಳದಿರುವುದನ್ನು ಹಲವು ಸಲ ನೋಡಿದ್ದೇನೆ, ಏಕೆಂದರೆ ಬಣ್ಣದ ಎರಡು ಮೂರು ಪದರಗಳೇ ಸಣ್ಣ ತಿರುಗಣಿಗಳನ್ನು ಬಿಗಿಮಾಡಿಬಿಡುತ್ತವೆ. ನನ್ನ ಸಲಹೆ ಹೀಗಿದೆ: ಪಕ್ಕದ ಬಾಗಿಲುಗಳನ್ನು ಮುಚ್ಚಿ ಬೆಸೆದುಬಿಡಿ, ಅದರಿಂದ ಗೋಡೆಗಳಿಗೂ ಬಲ ಬರುತ್ತದೆ, ಹಿಂದಿನ ಬಾಗಿಲೊಂದನ್ನು ತೆರೆದ ಸ್ಥಿತಿಯಲ್ಲಿ ಇಡಿ ಅಥವಾ ಅಲುಗಾಡುವಂತೆ ಬಿಡಿ, ಒಳಗೆ ಅಲ್ಲಿಂದ ಕಾಣುವಷ್ಟಕ್ಕೆ ಮಾತ್ರ ಬಣ್ಣ ಹಚ್ಚಿ. ಎಲ್ಲ ಬಾಗಿಲೂ ಮುಚ್ಚುವುದಾದರೆ ಒಳಗೆ ಬಣ್ಣವೇ ಬೇಡ. ನಿಮ್ಮ ಮಗಳಿಗೆ ಒಳಭಾಗದ ಮೇಲೆಯೇ ಪ್ರೀತಿಯಿದ್ದರೆ, ಛಾವಣಿಯನ್ನು ಅಂಟಿಸದೆ ಎತ್ತಿಡುವಂತೆ ಬಿಡುವುದು ಎಲ್ಲಕ್ಕಿಂತ ಚೆಂದದ ದಾರಿ, ಆದರೆ ಹಾಗೆ ಬಿಟ್ಟ ಛಾವಣಿ ಗೋಡೆಗಳನ್ನು ಹಿಡಿದಿಡುವುದಿಲ್ಲವಾದ್ದರಿಂದ ನೆಲ ಮತ್ತು ಗೋಡೆಗಳ ಬೆಸುಗೆ ಇನ್ನಷ್ಟು ಗಟ್ಟಿಯಾಗಿರಬೇಕು.

ಮೊದಲೇ ಬಣ್ಣ ಹಚ್ಚುವಾಗ ಬೆಸುಗೆಯ ನಿಯಮ ಮತ್ತೆ ಎದುರಾಗುತ್ತದೆ. ದ್ರಾವಕಕ್ಕೆ ಬೇಕಾದದ್ದು ಬರಿಯ ಪ್ಲಾಸ್ಟಿಕ್. ನಡುವೆ ಬಣ್ಣವಿದ್ದರೆ ಬಣ್ಣದ ಪೊರೆ ಪೊರೆಗೆ ಅಂಟುತ್ತದೆಯೇ ಹೊರತು ಗೋಡೆ ನೆಲಕ್ಕೆ ಅಂಟುವುದಿಲ್ಲ. ಕೂಡುವ ಅಂಚುಗಳು, ಗೂಟಗಳು, ತೂತುಗಳು ಇವಕ್ಕೆ ಬಣ್ಣಕ್ಕೆ ಮುನ್ನ ಮಾಸ್ಕಿಂಗ್ ಟೇಪ್ ಹಚ್ಚಿ. ಮರೆತರೆ ಆಮೇಲೆ ಚಾಕುವಿನಿಂದ ಹೆರೆದು ಬೂದುಬಣ್ಣದ ಪ್ಲಾಸ್ಟಿಕ್ ಕಾಣುವಂತೆ ಮಾಡಿ. ಇನ್ನೊಂದು ಎಚ್ಚರಿಕೆ ನನ್ನದೇ ತಪ್ಪಿನಿಂದ ಕಲಿತದ್ದು. ಬಹಳ ವರ್ಷಗಳ ಹಿಂದೆ ಒಂದು ಟ್ಯಾಂಕಿನ ಒಡಲಿನೊಳಗೆ, ಗಟ್ಟಿಯಾಗಲಿ ಎಂದು ತೆಳು ಅಂಟನ್ನು ಧಾರಾಳವಾಗಿ ಹರಿಸಿ ಛಾವಣಿಯನ್ನು ಮುಚ್ಚಿದೆ. ಆವಿ ಹೊರಹೋಗಲು ದಾರಿಯಿರಲಿಲ್ಲ. ಬೆಳಗ್ಗೆ ನೋಡಿದರೆ ಎಡಗೋಡೆ ಬಿಸಿಲಿಗಿಟ್ಟ ಮೇಣದ ಹಲಗೆಯಂತೆ ಒಳಕ್ಕೆ ಬಾಗಿತ್ತು. ಒಡಲನ್ನು ಮುಚ್ಚುವ ಮುನ್ನ ಒಳಗಿನ ಬೆಸುಗೆಗಳನ್ನು ಒಂದು ರಾತ್ರಿ ತೆರೆದಿಡಿ.

ಮೂಲೆ ನೇರವಾಗಿರುವುದೇ ಈ ಕಿಟ್ಟಿನ ಪ್ರಾಣ. ನೆಲ, ಎರಡು ಗೋಡೆ, ಮುಂದಿನ ಇಳಿಜಾರು ಹಲಗೆ, ಛಾವಣಿ, ಪಕ್ಕಗಳ ಎರಡು ಟ್ರ್ಯಾಕ್ (ಚಕ್ರಗಳ ಸುತ್ತ ಹೊರಳುವ ಪಟ್ಟಿ) ಕವಚಗಳು ಇಷ್ಟನ್ನೂ ಅಂಟಿಲ್ಲದೆ ಮಾಸ್ಕಿಂಗ್ ಟೇಪಿನಿಂದ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಎಲ್ಲಿ ಬೆಳಕು ಸಂದಿಯಿಂದ ತೂರಿ ಬರುತ್ತದೆಯೋ ಅಲ್ಲಿ ಗುಬುಟೊಂದು ಉಳಿದಿರುತ್ತದೆ, ಇಲ್ಲವೇ ಗೂಟ ಪೂರ್ತಿ ಕೂತಿರುವುದಿಲ್ಲ. ಬಾಗಿದ ಹಲಗೆ ಸಿಕ್ಕರೆ ಕೈ ಸೋಕಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಒಂದು ನಿಮಿಷ ಇಟ್ಟು, ಗಾಜಿನ ಮೇಲೆ ಒತ್ತಿ ಹಿಡಿದು, ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಿ ಆಕಾರವನ್ನೇ ಕಳೆದುಕೊಳ್ಳುತ್ತದೆ. ಆಮೇಲೆ ನೆಲಕ್ಕೆ ಒಂದು ಗೋಡೆ. ಮೂಲೆಗೆ ಮಗಳ ಲೆಗೋ ಇಟ್ಟಿಗೆಯೊಂದನ್ನು ಒತ್ತಿಟ್ಟರೆ ಅದಕ್ಕಿಂತ ಒಳ್ಳೆಯ ಗುಣಿಯ (ಮೂಲೆಮಟ್ಟ) ಮನೆಯಲ್ಲಿ ಸಿಗುವುದಿಲ್ಲ. ತೆಳು ಅಂಟು ಮುಟ್ಟಿಸಿ, ಹತ್ತು ನಿಮಿಷ ಬಿಟ್ಟು, ಎರಡನೆಯ ಗೋಡೆ. ಇನ್ನೂ ಪೂರ್ತಿ ಗಟ್ಟಿಯಾಗದಿದ್ದಾಗಲೇ ಛಾವಣಿಯನ್ನು ಅಂಟಿಲ್ಲದೆ ಮೇಲಿಟ್ಟು ನೋಡಬೇಕು, ಗೋಡೆಗಳು ಅದಕ್ಕೆ ತಕ್ಕಂತೆ ಹೊಂದಿಕೊಳ್ಳಲು ಸಮಯವಿರುವುದು ಆಗ ಮಾತ್ರ. ರಬ್ಬರ್ ಬ್ಯಾಂಡ್ ಸುತ್ತುವವರು ಬಿಗಿಯಾಗಿ ಸುತ್ತುತ್ತಾರೆ. ಖಾಲಿ ಪೆಟ್ಟಿಗೆಯ ಗೋಡೆಗಳು ನಡುವೆ ಒಳಕ್ಕೆ ಸೊರಗುತ್ತವೆ. ಸಡಿಲವಾಗಿ ಒಂದೇ ಸುತ್ತು ಸಾಕು, ಅಥವಾ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಕೊನೆಗೆ ಒಡಲನ್ನು ಕನ್ನಡಿಯ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ. ಎದುರು ಮೂಲೆ ‘ಟಕ್’ ಎಂದು ಸದ್ದು ಮಾಡಿದರೆ ಒಡಲು ತಿರುಚಿಕೊಂಡಿದೆ ಎಂದರ್ಥ, ಅರ್ಧ ಗಂಟೆಯೊಳಗಾದರೆ ಕೈಯಿಂದಲೇ ಸರಿಮಾಡಬಹುದು.

ನಿಮ್ಮ ವಿಮಾನದ ಮೇಲೆ ಉಳಿದಂಥ ಗೆರೆ ಇಲ್ಲಿ ಬಾರದಿರಲು ಬೆಸುಗೆಯ ಗುಣವನ್ನೇ ಬಳಸಿಕೊಳ್ಳಬೇಕು. ಛಾವಣಿ ಗೋಡೆಗೆ ಸೇರುವ ಉದ್ದನೆಯ ಅಂಚಿನಲ್ಲಿ ಎರಡೂ ಕಡೆ ಧಾರಾಳವಾಗಿ ಅಂಟು ಹಚ್ಚಿ, ಹತ್ತು ಹದಿನೈದು ಸೆಕೆಂಡು ಕಾದು, ಪ್ಲಾಸ್ಟಿಕ್ ಅಂಟಂಟಾಗಿ ಹೊಳೆಯುವಾಗ ಕೂಡಿಸಿ ನಿಧಾನವಾಗಿ ಒತ್ತಿದರೆ, ಕರಗಿದ ಪ್ಲಾಸ್ಟಿಕ್ ದಾರದಂತೆ ಸಂದಿಯುದ್ದಕ್ಕೂ ಮೇಲಕ್ಕೆ ಉಕ್ಕಿ ಬರುತ್ತದೆ. ಅದನ್ನು ಮುಟ್ಟಬಾರದು, ಒರೆಸಬಾರದು. ಒಂದು ದಿನ, ಸಾಧ್ಯವಾದರೆ ಎರಡು ದಿನ ಆರಿದ ಮೇಲೆ ಆ ದಾರವನ್ನು ಚಾಕುವಿನ ಬೆನ್ನಿನಿಂದ ಹೆರೆದು, 400, 600, ಆಮೇಲೆ 1000 ನಂಬರಿನ ವಾಟರ್ ಪೇಪರನ್ನು ಒದ್ದೆಮಾಡಿ ಉಜ್ಜಿದರೆ ಎರಡು ಹಲಗೆಗಳಿದ್ದ ಜಾಗದಲ್ಲಿ ಒಂದೇ ಹಲಗೆ ಉಳಿಯುತ್ತದೆ. ಅವಸರದಲ್ಲಿ ಅದೇ ಸಂಜೆ ಉಜ್ಜಿದವರಿಗೆ ವಾರದ ನಂತರ ಅಲ್ಲೊಂದು ಸಣ್ಣ ಕಾಲುವೆ ಕಾಣುತ್ತದೆ, ಏಕೆಂದರೆ ಒಳಗೆ ಉಳಿದ ದ್ರಾವಕ ಆರುತ್ತಾ ಹೋದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ. ಇದಕ್ಕೂ ಮುಚ್ಚದ ಸಂದಿಗೆ, ಎಸೆಯಬೇಡಿ ಎಂದಿದ್ದೆನಲ್ಲ, ಆ ಚೌಕಟ್ಟಿನ ಚೂರುಗಳನ್ನು ಸಣ್ಣದಾಗಿ ಕತ್ತರಿಸಿ ಅಂಟಿನ ಹಳೆಯ ಬಾಟಲಿಯೊಂದರಲ್ಲಿ ಒಂದು ರಾತ್ರಿ ನೆನೆಸಿಡಿ. ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಆ ಲೇಹ್ಯ ಅದೇ ಬಣ್ಣದ, ಅದೇ ಗಡಸಿನ ಪ್ಲಾಸ್ಟಿಕ್ ಆಗಿ ಗಟ್ಟಿಯಾಗುತ್ತದೆ. ಎಂ-ಸೀಲ್‌ನಂತಹ ಎಪಾಕ್ಸಿ ಅಕ್ಕಿಕಾಳಿಗಿಂತ ಅಗಲವಾದ ಬಿರುಕಿಗೆ ಮಾತ್ರ. ಅಂಥ ಬಿರುಕು ಬಂದಿದ್ದರೆ ತುಂಬುವುದಕ್ಕಿಂತ ಏಕೆ ಬಂತೆಂದು ಹುಡುಕುವುದು ಮೇಲು.

ಆದರೆ ಕಂಡ ಗೆರೆಯನ್ನೆಲ್ಲ ತುಂಬಲು ಹೋಗಬೇಡಿ. ಇದು ಕವಚದ ಹಲಗೆಗಳನ್ನು ರಿವೆಟ್ಟು ಹೊಡೆದು ಕೂಡಿಸಿದ ಯಂತ್ರವೆಂಬುದು ಕಲ್ಪನೆ. ಹಲಗೆ ಮತ್ತು ಹಲಗೆಯ ನಡುವೆ ಗೆರೆ ಇರಲೇಬೇಕಾದ ಜಾಗಗಳು ಬಹಳ. ಕಮ್ಮಾರನೊಬ್ಬ ಇಲ್ಲಿ ಎರಡು ಹಲಗೆ ಇಡುತ್ತಿದ್ದನೇ ಒಂದೇ ಇಡುತ್ತಿದ್ದನೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಮುಂದಿನ ಇಳಿಜಾರು ಛಾವಣಿಯನ್ನು ಸೇರುವಲ್ಲಿ ಗೆರೆ ಸಹಜವಾಗಿದೆ, ಒಪ್ಪವಾಗಿದ್ದರೆ ಸಾಕು. ಹೊಗೆಕೊಳವೆಯ ಎರಡು ಹೋಳುಗಳ ನಡುವಿನ ಗೆರೆ ಮಾತ್ರ ಎಲ್ಲಿಯೂ ಕ್ಷಮ್ಯವಲ್ಲ.

ಟ್ರ್ಯಾಕ್ ಪಟ್ಟಿಗಳು ತುಂಡುಗಳಾಗಿ ಬಂದು ಕವಚವನ್ನು ಸುತ್ತುವರಿಯುತ್ತವೆ. ಇವಕ್ಕೆ ಮಂದವಾದ ಅಂಟು ಹಚ್ಚಿ, ಕೆಳಗಿನ ನೇರ ಪಟ್ಟಿಯಿಂದ ಆರಂಭಿಸಿ ತಿರುವುಗಳ ಕಡೆಗೆ ಹೋಗಬೇಕು. ಅಂಟು ಇನ್ನೂ ಹಸಿಯಾಗಿರುವಾಗಲೇ ಎಲ್ಲ ತುಂಡುಗಳನ್ನೂ ಕೂರಿಸಿ ಕೊಂಚ ಕೊಂಚ ಸರಿಸಿದರೆ ವ್ಯತ್ಯಾಸ ಎಲ್ಲ ಕೀಲುಗಳಿಗೂ ಹಂಚಿಹೋಗುತ್ತದೆ, ಒಂದೊಂದನ್ನೇ ಗಟ್ಟಿಯಾಗಲು ಬಿಟ್ಟು ಮುಂದುವರಿದರೆ ಕೊನೆಯ ತುಂಡಿನ ಬಳಿ ಎಲ್ಲ ತಪ್ಪೂ ಕೂಡಿ ಬಾಯಿ ತೆರೆಯುತ್ತದೆ. ಎರಡು ಟ್ರ್ಯಾಕ್ ಕವಚಗಳನ್ನು ಒಡಲಿಗೆ ಸೇರಿಸುವಾಗ ಎರಡೂ ಒಂದೇ ಎತ್ತರದಲ್ಲಿವೆಯೇ ಎಂದು ಮತ್ತೆ ಅದೇ ಕನ್ನಡಿಯ ಮೇಲೆ ನೋಡಿ.

ಛಾವಣಿಯ ಮೇಲಿನ ಬಂದೂಕು, ದೀಪ ಮೊದಲಾದ ಸಣ್ಣ ಸಾಮಾನುಗಳು ಕೊನೆಗೆ. ಬಂದೂಕಿನ ನಳಿಗೆಯ ತುದಿ ಅಚ್ಚಿನಲ್ಲಿ ಮುಚ್ಚಿಕೊಂಡೇ ಬರುತ್ತದೆ. ಕೈಯಲ್ಲಿ ತಿರುಗಿಸುವ ಪಿನ್ ವೈಸ್‌ಗೆ 1 ಮಿ.ಮೀ. ಬೈರಿಗೆ ಹಾಕಿ, ಮೊದಲು ಸೂಜಿಯಿಂದ ನಡುಬಿಂದು ಗುರುತಿಸಿ, ಎರಡು ಮಿಲಿಮೀಟರ್ ಆಳಕ್ಕೆ ಕೊರೆದರೆ ಸಾಕು. ಕೆಲಸ ಐದು ನಿಮಿಷದ್ದು, ಆದರೆ ಮೇಜಿನ ಆಚೆ ಕಡೆಯಿಂದ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬಂದೂಕನ್ನು ಬೇಕೆಂದಾಗ ತೆಗೆದಿಡಬೇಕೆಂದರೆ ಅದರ ಬುಡಕ್ಕೂ ಮುಚ್ಚಳಕ್ಕೂ 2 ಮಿ.ಮೀ. ಅಗಲದ ನಿಯೋಡಿಮಿಯಂ ಅಯಸ್ಕಾಂತದ ಬಿಲ್ಲೆ ಹೂತಿಡಿ. ಎರಡನೆಯ ಬಿಲ್ಲೆಯನ್ನು ಮೊದಲನೆಯದಕ್ಕೆ ಅಂಟಿಕೊಂಡಿರುವ ಸ್ಥಿತಿಯಲ್ಲೇ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿಕೊಳ್ಳದವರು ಒಮ್ಮೆಯಾದರೂ ಒಂದನ್ನೊಂದು ತಳ್ಳುವ ಬಿಲ್ಲೆಗಳನ್ನು ಕೂರಿಸಿಯೇ ಇರುತ್ತಾರೆ. ಫೆವಿಕ್ವಿಕ್ ಕೆಲಸಕ್ಕೆ ಬರುವುದು ಇಲ್ಲಿ, ಹಲ್ಲುಕಡ್ಡಿಯ ತುದಿಯಲ್ಲಿ ಅರ್ಧ ಹನಿ.

ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಅಂಟಿನ ಬಾಟಲಿ ಉರುಳದಂತೆ ಒಂದು ಅಗಲ ಡಬ್ಬಿಯ ಮುಚ್ಚಳದೊಳಗೆ ನಿಲ್ಲಿಸಿ, ಬ್ಲೇಡಿನ ಕೆಲಸವನ್ನು ಮಗಳು ನಿಮ್ಮ ಪಕ್ಕದಲ್ಲಿ ಕೂತೇ ಮಾಡಲಿ ಮತ್ತು ಮೊಂಡಾದ ಬ್ಲೇಡನ್ನು ತಕ್ಷಣ ಬದಲಿಸಿ. ಬಲ ಹಾಕಬೇಕಾಗಿ ಬಂದಾಗಲೇ ಕೈ ಜಾರುವುದು.

ರವೆಯಂತಾದ ಸ್ಪ್ರೇ. ಅದು ಆದದ್ದು ಬಣ್ಣದ ಹನಿಗಳು ಮಾದರಿಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿದ್ದರಿಂದ. ದೂರದಿಂದ ಹೊಡೆದರೆ, ಗಾಳಿ ಬೀಸುತ್ತಿದ್ದರೆ, ಬಿಸಿಲು ಜೋರಾಗಿದ್ದರೆ, ಡಬ್ಬಿಯನ್ನು ಸರಿಯಾಗಿ ಅಲ್ಲಾಡಿಸದಿದ್ದರೆ ಹೀಗಾಗುತ್ತದೆ. ತೇವದ ಗಾಳಿಯಲ್ಲಿ ಇನ್ನೊಂದು ತೊಂದರೆ: ನೀರಿನಂಶ ಪದರದೊಳಗೆ ಸಿಕ್ಕಿ ಮಬ್ಬು ಬಿಳುಪು ಹಿಡಿಯುತ್ತದೆ. ನಾಟಿಂಗ್‌ಹ್ಯಾಮ್‌ನ ಚಳಿಯಲ್ಲಿ ಹೊರಗಿನ ಶೆಡ್‌ನಲ್ಲಿಟ್ಟ ಡಬ್ಬಿಯನ್ನು ನೇರವಾಗಿ ಬಳಸಬೇಡಿ, ಗಂಟೆಯ ಹೊತ್ತು ಮನೆಯೊಳಗಿಟ್ಟು ಬೆಚ್ಚಗಾಗಲು ಬಿಡಿ. ಒಲೆ, ಹೀಟರುಗಳ ಬಳಿಗೆ ಮಾತ್ರ ಒಯ್ಯಬೇಡಿ. ಮಳೆಯಿಲ್ಲದ, ಗಾಳಿ ಕಡಿಮೆಯಿರುವ, 15ರಿಂದ 25 ಡಿಗ್ರಿಯ ದಿನ ನೋಡಿ, ಎರಡು ನಿಮಿಷ ಅಲ್ಲಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಮಾದರಿಯ ಆಚೆ ಆರಂಭಿಸಿ ಈಚೆ ಮುಗಿಯುವಂತೆ ಬೀಸುತ್ತಾ ಹೊಡೆಯಿರಿ. ಒಂದೇ ಸಲಕ್ಕೆ ಮುಚ್ಚಿಬಿಡುವ ಆಸೆ ಬೇಡ. ಮೊದಲ ಪದರದಲ್ಲಿ ಪ್ಲಾಸ್ಟಿಕ್ ಇನ್ನೂ ಇಣುಕುತ್ತಿರಬೇಕು, ಎರಡು ಮೂರು ಪದರಕ್ಕೆ ಮುಚ್ಚಬೇಕು. ಸ್ಪ್ರೇಯಲ್ಲಿ ದ್ರಾವಕವಿದ್ದರೂ ಥರ್ಮಾಕೋಲಿಗೆ ಆದ ಗತಿ ರೈನೋಗೆ ಏಕೆ ಆಗದೆಂದು ಮಗಳು ಕೇಳಿದರೆ, ತೆಳು ಪದರದಿಂದ ದ್ರಾವಕ ಬೇಗ ಹಾರಿಹೋಗುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನಷ್ಟೇ ಸೋಕುತ್ತದೆ ಎಂದು ಹೇಳಿ. ಹತ್ತಿರದಿಂದ ತೊಟ್ಟಿಕ್ಕುವಂತೆ ಹೊಡೆದರೆ ಇಲ್ಲೂ ವಿವರಗಳು ಮೊಂಡಾಗುತ್ತವೆ.

ಮೈಸೂರಿನ ವಿಚಾರ. ಪ್ರಯಾಣಿಕರ ವಿಮಾನದಲ್ಲಿ ಸ್ಪ್ರೇ ಬಣ್ಣದ ಡಬ್ಬಿಗಾಗಲೀ ಬೆಂಕಿ ಹೊತ್ತಿಕೊಳ್ಳುವ ಅಂಟಿಗಾಗಲೀ ಕೈಚೀಲದಲ್ಲೂ ಜಾಗವಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲೂ ಇಲ್ಲ. ಚಾಕು, ನಿಪ್ಪರ್‌ಗಳು ಚೆಕ್-ಇನ್‌ಗೆ ಹೋಗಲಿ. ಅಲ್ಲಿ ಪರ್ಯಾಯ ಹುಡುಕಲು ಹೊರಟು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನ ಸಲ್ಯೂಷನ್ನನ್ನೋ, ಅಕ್ರಿಲಿಕ್ ನಾಮಫಲಕ ಮಾಡುವವರು ಬಳಸುವ ಕ್ಲೋರೋಫಾರ್ಮನ್ನೋ ತರಬೇಡಿ; ಮೊದಲನೆಯದು ಇಂಥ ಸಣ್ಣ ವಿವರಗಳ ಮೇಲೆ ಹತೋಟಿಗೆ ಸಿಗುವುದಿಲ್ಲ, ಎರಡನೆಯದರ ಆವಿ ಮಕ್ಕಳಿರುವ ಕೋಣೆಗೆ ಸಲ್ಲದು. ಹಾಗಾಗಿ ಬೆಸುಗೆಯ ಕೆಲಸವನ್ನೆಲ್ಲ ನಾಟಿಂಗ್‌ಹ್ಯಾಮ್‌ನಲ್ಲೇ ಮುಗಿಸಿ, ಹೊರಡುವ ಮುನ್ನ ಕನಿಷ್ಠ ಮೂರು ದಿನ ಆರಲು ಬಿಟ್ಟು, ಒಡಲನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುತ್ತಲೂ ಮೆತ್ತನೆಯ ಬಟ್ಟೆಯಿಟ್ಟು ಕೈಚೀಲದಲ್ಲಿ ತನ್ನಿ. ಸ್ಪ್ರೇ ಪ್ರೈಮರಿಗೆ ಅಲ್ಲಿ ಹವೆ ಸಿಗದಿದ್ದರೆ ಚಿಂತೆಯಿಲ್ಲ: ಕುಂಚದಿಂದ ಹಚ್ಚುವ ನೀರು ಆಧಾರಿತ ಪ್ರೈಮರುಗಳು, ವಯೆಹೊ ಕಂಪನಿಯದೂ ಸೇರಿದಂತೆ, ದೊರೆಯುತ್ತವೆ, ಅವು ಸುಡುವ ಪದಾರ್ಥಗಳಲ್ಲದ ಕಾರಣ ಚೆಕ್-ಇನ್ ಪೆಟ್ಟಿಗೆಯಲ್ಲಿ ಬರಬಹುದು, ಆಷಾಢದ ತೇವದಲ್ಲಿ ಆರಲು ದುಪ್ಪಟ್ಟು ಸಮಯ ಹಿಡಿದರೂ ಮಬ್ಬು ಹಿಡಿಯುವುದಿಲ್ಲ. ಮೃದು ಕುಂಚದಿಂದ ಎರಡು ತೆಳು ಪದರ, ನಡುವೆ ಒಂದು ರಾತ್ರಿಯ ಬಿಡುವು.

ದಾರಿಯಲ್ಲಿ ಬಂದೂಕೋ ದೀಪವೋ ಕಿತ್ತುಕೊಂಡರೆ ಆ ತುಂಡನ್ನು ಡಬ್ಬಿಯ ತಳದಲ್ಲಿ ಹುಡುಕಿ, ಮುರಿದ ಜಾಗವನ್ನು ಉಜ್ಜದೆ ಹಾಗೆಯೇ ಬಿಡಿ. ಮುರಿದ ಎರಡು ಮೈಗಳು ಒಂದಕ್ಕೊಂದು ಬೀಗ ಮತ್ತು ಕೀಲಿಯಂತೆ ಕೂರುತ್ತವೆ, ಆಗ ಮೈಸೂರಿನ ಯಾವುದೇ ಅಂಗಡಿಯ ಫೆವಿಕ್ವಿಕ್ ಸಾಕು.